ಚಿಕ್ಕಮ್ಮನ ರಕ್ತದ ಗೆರೆ

ನನ್ನ ಕೆಲಸ ತೂತುಗಳದ್ದು. ಕೂದಲಿಗಿಂತ ಸಾವಿರ ಪಾಲು ಸಣ್ಣ ತೂತುಗಳಿರುವ ತೆಳು ಹಾಳೆ. ಆ ತೂತುಗಳ ಒಳಗೋಡೆಗೆ ಚಿನ್ನದ ಅತಿಸಣ್ಣ ಕಣ ಹಚ್ಚಿ, ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನು ಬಂದರೆ ಹಿಡಿದುಕೊಳ್ಳುವ ಹಾಗೆ ಮಾಡುತ್ತೇವೆ. ಅದು ತೂತಿಗೆ ಅಡ್ಡ ಕೂತರೆ ಒಳಗೆ ಹರಿಯುವ ಕರೆಂಟು ಇಳಿಯುತ್ತದೆ, ಪರದೆಯ ಮೇಲಿನ ಗೆರೆಯೂ ಇಳಿಯುತ್ತದೆ. ಇಷ್ಟೇ.

ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ರಕ್ತ ಬೇಕಿತ್ತು. ಮಾದಿಹಳ್ಳಿಯ ಚಿಕ್ಕಮ್ಮ ನೆನಪಾದಳು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು, ಗಟ್ಟಿಗಿತ್ತಿ, ಜ್ವರ ಅಂತ ಮಲಗಿದ್ದನ್ನೇ ನಾನು ಕಂಡಿಲ್ಲ. ಹಳೇಬೀಡಿನಲ್ಲಿ ನರ್ಸು ಸೂಜಿ ಚುಚ್ಚುವಾಗಲೂ ಬಾಯಿ ಸುಮ್ಮನಿರಲಿಲ್ಲ. "ನಾನು ಹಾಲು ನೋಡ್ತೀನಿ, ನೀನು ರಕ್ತ ನೋಡ್ತೀಯ. ನೀರು ಬೆರೆಸಿದ್ರೆ ಹೇಳ್ಬುಡು ಕಣೇ!" ಐಸ್ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆಗೆ ಬಂದು ರೈಲು ಹತ್ತಿದೆ.

ಮರುದಿನ ಲ್ಯಾಬಿನಲ್ಲಿ ಗೆರೆ ಇಳಿಯಿತು. ಒಂದೇ ಸಮ ಇಳಿಯಿತು.

ನನಗೆ ಸಿಟ್ಟು ಬಂತು, ಹಾಳೆಯ ಮೇಲೆ. ರಕ್ತದಲ್ಲಿನ ಬೇರೇನೋ ಸಿಕ್ಕಿಕೊಂಡರೂ ಗೆರೆ ಹೀಗೇ ಇಳಿಯುತ್ತದೆ. ಅದಕ್ಕೆ ನಾವು "ಕಟ್ಕೊಂಡಿದೆ" ಅನ್ನುತ್ತೇವೆ. "ಥೂ, ಇದೂ ಕಟ್ಕೊಂಡಿದೆ" ಅಂದೆ, ಹಾಳೆ ಬಿಸಾಕಿದೆ, ಪುಸ್ತಕದಲ್ಲೂ ಅದನ್ನೇ ಬರೆದೆ. ಇನ್ನೊಂದು ಹಾಳೆಯಲ್ಲಿ ನೋಡುವಷ್ಟು ರಕ್ತ ಉಳಿದಿತ್ತು. ನೋಡಲಿಲ್ಲ. ಅನುಮಾನದ ಹಾಲನ್ನು ಚಿಕ್ಕಮ್ಮ ಎರಡನೇ ಸಲ ನೋಡದೆ ಚೆಲ್ಲಿದವಳಲ್ಲ; ನಾನು ಓದಿದವಳಲ್ಲವೇ, ಚೆಲ್ಲಿದೆ. ರೋಗಿಯ ರಕ್ತವಾಗಿದ್ದರೆ ಖಂಡಿತ ನೋಡುತ್ತಿದ್ದೆ. ಕಾಯಿಲೆ ಇಲ್ಲದವರದ್ದು ಅಂತ ಚೀಟಿ ಅಂಟಿಸಿದವಳು ನಾನೇ ಅಲ್ಲವೇ?

ಏನಾಯ್ತು ಅಂತ ಅವಳು ಫೋನಿನಲ್ಲಿ ಕೇಳಿದಾಗ, "ನೀರು ಬೆರೆಸಿಲ್ಲ ಬಿಡು" ಅಂದು ನಕ್ಕುಬಿಟ್ಟೆ.

ಎಂಟು ತಿಂಗಳಾದ ಮೇಲೆ ಅವಳ ಅಂಡಾಶಯದಲ್ಲಿ ಗಡ್ಡೆ ಸಿಕ್ಕಿತು. ನಾವು ಹುಡುಕುತ್ತಿದ್ದ ಕ್ಯಾನ್ಸರೇ. ಅವತ್ತು ಗೆರೆ ಇಳಿದದ್ದು ಕಸಕ್ಕೋ ಕಾಯಿಲೆಗೋ, ಇನ್ನು ಯಾರೂ ಹೇಳಲಾರರು. ಹಾಳೆ ಇಲ್ಲ, ರಕ್ತವೂ ಇಲ್ಲ. ರೈಲು ಬಾಣಾವರ ದಾಟುವಾಗ ಕಿಟಕಿಯಲ್ಲಿ ಆ ಗೆರೆ ಕಾಣುತ್ತದೆ, ತಟ್ಟೆಯಲ್ಲಿ ಅನ್ನ ಕಲಸುವಾಗ ಕಾಣುತ್ತದೆ. ನನಗೆ ಭಯವಾಗುತ್ತದೆ.

ಹಾಸನದ ಡಾಕ್ಟರು ಸ್ಕ್ಯಾನ್ ನೋಡಿ, "ಸ್ವಲ್ಪ ಮೊದಲೇ ಬರಬೇಕಿತ್ತಲ್ಲಮ್ಮ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಅವರ ಮೇಲೇ ರೇಗಿದಳು. "ಮೊದ್ಲು ಇರ್ಲೇ ಇಲ್ಲ ಕಣ್ರೀ. ನಮ್ಮಕ್ಕನ ಮಗಳೇ ರಕ್ತ ನೋಡವ್ಳೆ. ಏನಾರ ಇದ್ದಿದ್ರೆ ಇವಳು ಬಿಡ್ತಿದ್ಲಾ?"

ಡಾಕ್ಟರು ನನ್ನ ಕಡೆ ನೋಡಿದರು. ಅವಳು ಹೇಳಿದ್ದು ಹೌದು ಅಂತ ತಲೆಯಾಡಿಸಿದೆ.