ಲಾಂಚಿನಲ್ಲಿ ಕೊಟ್ಟ ಮೈಸೂರುಪಾಕು

ಹೆತ್ತ ತಾಯಿಯ ಹೆಣ ಇನ್ನೂ ಅಂಗಳದಲ್ಲಿರುವಾಗ ಮಗನ ಕೈಗೆ ಮೈಸೂರುಪಾಕು ಕೊಡೋರನ್ನ ನೀವು ಕಂಡಿದ್ದೀರಾ? ನಾನು ಕಂಡೆ. ಹೋದ ಶುಕ್ರವಾರ, ನಡು ಸಮುದ್ರದಲ್ಲಿ.

ದೋಹಾದಲ್ಲಿರೋ ನಮ್ಮ ಕಡೆಯವರೆಲ್ಲ ಸೇರಿ ಪಿಕ್‌ನಿಕ್ ಹೊರಟಿದ್ದೆವು. ಲಾಂಚ್ ಹತ್ತಿ ಒಂದು ದ್ವೀಪ, ಅಲ್ಲಿಂದ ಇನ್ನೊಂದು. (ದ್ವೀಪ ಅಂದ್ರೆ ಏನೇನೋ ಅಂದ್ಕೋಬೇಡಿ. ಮರಳು, ನಾಲ್ಕು ಖರ್ಜೂರದ ಮರ, ಅಷ್ಟೇ.) ಹೆಂಗಸರು ಮಕ್ಕಳು ಮೊದಲ ಟ್ರಿಪ್ಪಿನಲ್ಲೇ ಎರಡನೇ ದ್ವೀಪಕ್ಕೆ ಹೋಗಿಯಾಗಿತ್ತು. ನೀರಿನ ಕ್ಯಾನು, ಬಿರಿಯಾನಿ ಹಂಡೆ ಜೊತೆ ಗಂಡಸರು, ಹಂಡೆ ಕಾಯೋಕೆ ಮುದುಕಿ ನಾನೊಬ್ಬಳು, ಹಿಂದೆ.

ನಮ್ಮ ಲಾಂಚಿನಲ್ಲಿ ಮಂಜುನಾಥ. ಟೆಕ್ನಿಷಿಯನ್. ಹೆಂಡತಿ ಊರಲ್ಲಿ, ಇವನು ನಮ್ಮ ಬಿಲ್ಡಿಂಗಿನ ಒಂದು ರೂಮಿನಲ್ಲಿ. ರೂಮಿನಲ್ಲಿ ಫೋನಿಲ್ಲ, ಮೊಬೈಲ್ ಇನ್ನೂ ದೊಡ್ಡ ಸಾಹೇಬರ ಕೈಲಿ ಮಾತ್ರ; ಊರಿಂದ ಅವನಿಗೆ ಫೋನ್ ಬರೋದು ನಮ್ಮ ಮನೆಗೇ.

ಅವತ್ತು ಎಲ್ಲರಿಗೂ ಅವನ ಮೇಲೆ ಪ್ರೀತಿ ಉಕ್ಕಿ ಹರೀತಿತ್ತು. "ನೆರಳಿಗೆ ಬಾರೋ ಮಂಜು." "ಇನ್ನೊಂದು ಪೀಸ್ ತಗೋ ಮಂಜು."

"ಏನ್ರೋ, ನನಗೇನು ಸೀಮಂತವಾ?" ಅಂತ ಅವನು ನಗ್ತಿದ್ದ.

ನನಗೆ ಅನುಮಾನ ಬಂತು. ಮಗ ಸುರೇಶನನ್ನ ಎಂಜಿನ್ ಹತ್ತಿರ ಎಳೆದು ಕೇಳಿದೆ.

"ಮೆಲ್ಲಗಮ್ಮ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂದಿತ್ತು. ಅವರಮ್ಮ ಹೋಗ್ಬಿಟ್ರು. ಊಟ ಆಗ್ಲಿ, ವಾಪಸ್ ಹೋಗುವಾಗ ಸೀರಿಯಸ್ ಅಂತ ಹೇಳ್ತೀವಿ."

"ಇವನಿಗೋಸ್ಕರ ಕಾಯ್ತಿದ್ದಾರೇನೋ?"

"ಕೇಳಿದ್ರು. ಕಾಯ್ಬೇಡಿ, ಸಂಜೆಯೊಳಗೆ ಮುಗಿಸಿ ಅಂದೆ. ಶುಕ್ರವಾರ, ಆಫೀಸ್ ರಜ. ಪಾಸ್‌ಪೋರ್ಟ್ ಕಂಪನಿ ಹತ್ರ. ದೇಶ ಬಿಡೋಕೆ ಬೇಕಾದ ಎಕ್ಸಿಟ್ ಪರ್ಮಿಟ್‌ಗೆ ಸೈನ್ ಹಾಕೋರು ಯಾರು?"

ಮಾತೇನೋ ಸರಿ. ಆದ್ರೆ ತಾಯಿ ಯಾರ ತಾಯಿ?

ನಮ್ಮ ಕಡೆ ಬೀದಿಯಲ್ಲಿ ಹೆಣ ಇದ್ರೆ ಪಕ್ಕದ ಮನೆಯವರೂ ಒಲೆ ಹಚ್ಚಲ್ಲ. ಗಲ್ಫಿಗೆ ಬಂದು ಬೇರೆ ಶಾಸ್ತ್ರ ಮಾಡ್ಕೊಂಡಿದ್ದೇವೆ. ಸತ್ತವರನ್ನ ಮೊದಲು ಸೀರಿಯಸ್ ಮಾಡೋದು, ಪುರುಸೊತ್ತು ಸಿಕ್ಕಾಗ ಸಾಯಿಸೋದು. ಇದಕ್ಕೆ ಕರುಣೆ ಅಂತ ಹೆಸರು ಬೇರೆ!

ಹೋಗಿ ಅವನ ಕೈಲಿದ್ದ ಮೈಸೂರುಪಾಕು ಕಿತ್ಕೊಂಡೆ. "ತಿನ್ಬೇಡ ಕಣಪ್ಪ. ನಿಮ್ಮಮ್ಮ ಬೆಳಿಗ್ಗೆ ತೀರಿಕೊಂಡ್ರು."

ಅವನು ಅಳಲಿಲ್ಲ. "ಎತ್ತಿದ್ರಾ?" ಅಂತ ಕೇಳಿದ.

"ಇನ್ನೂ ಇಲ್ಲ" ಅಂದ ಸುರೇಶ, ತಲೆ ತಗ್ಗಿಸಿ.

"ಲಾಂಚ್ ತಿರುಗಿಸಿ. ಒಂದು ಫೋನ್ ಮಾಡ್ತೀನಿ. ನಾಳೆವರೆಗೆ ಇಟ್ಕೊಳ್ಳಿ ಅಂತೀನಿ. ಸೈನ್ ಹಾಕೋನ ಮನೆ ಬಾಗಿಲಿಗೇ ಹೋಗಿ ಕೂರ್ತೀನಿ."

ತಿರುಗಿಸೋದು ಹೇಗೆ? ಆಚೆ ದ್ವೀಪದಲ್ಲಿ ಮಕ್ಕಳು ಬಿಸಿಲಲ್ಲಿದ್ದಾರೆ, ಅವರ ನೀರು ನಮ್ಮ ಹತ್ತಿರ ಇದೆ. ಕೊಟ್ಟು ಬರೋಣ ಅಂತ ಹೋದೆವು. ಅಲ್ಲಿ ಸಮುದ್ರ ಇಳಿದು, ಲಾಂಚ್ ಮರಳಿಗೆ ಕೂತುಬಿಡ್ತು. ಉಬ್ಬರ ಬರೋವರೆಗೆ ಯಾರೇನು ಮಾಡಿದರೂ ಏಳಲ್ಲ.

ಮಂಜುನಾಥ ನೀರಿನಂಚಿಗೆ ಕೂತ. ದೋಹಾದ ಕಟ್ಟಡಗಳು ಎದುರಿಗೇ ಕಾಣ್ತಿದ್ದವು. ಅಲ್ಲಿ ಬೀದಿಗೊಂದು ಫೋನು. ಹಿಂದೆ ಬಿರಿಯಾನಿ ಹಂಡೆ ತೆರೆದರು. (ಮಕ್ಕಳು ಹಸಿದಿದ್ದವು, ಸರಿ. ದೊಡ್ಡವರೂ ತಿಂದರು.)

ಉಬ್ಬರ ಬಂದು, ದಡ ಮುಟ್ಟಿ, ಅವನು ಬೂತಿಗೆ ಓಡೋ ಹೊತ್ತಿಗೆ ಊರಲ್ಲಿ ಕತ್ತಲು. ಖಲಾಸ್. ಅವನ ಅಕ್ಕನ ಮಗ ಬೆಂಕಿ ಇಟ್ಟಾಗಿತ್ತು.

ಕಾರಿನಲ್ಲಿ ಸುರೇಶ ಗೊಣಗಿದ. "ಹೇಳಿ ಏನು ಬಂತಮ್ಮ? ಅವನೊಂದು ಹೊತ್ತು ನೆಮ್ಮದಿಯಾಗಿ ಉಣ್ತಿದ್ದ. ನಿನ್ನಿಂದ ಅದೂ ಹೋಯ್ತು."

ನಾನು ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದೆ. "ನಾನು ಸತ್ತ ದಿನ ನಿನಗೆ ಊಟಕ್ಕೆ ಮುಂಚೆ ಹೇಳ್ಬೇಕೋ, ಉಂಡು ಕೈ ತೊಳೆದ ಮೇಲೋ?"