ಕಂಡದ್ದನ್ನು ಮಾತ್ರ ಹೇಳು

ಪೂರಿಗಾಲಿಯ ಗಗನಳಿಗೆ ಚೆಂಡೆಂದರೆ ಪ್ರಾಣಭಯ. ಅಂಥವಳನ್ನೇ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಮಾಡಿದ್ದರು. ಒಂಬತ್ತನೇ ತರಗತಿಯಲ್ಲಿ ಅವಳಷ್ಟು ಉದ್ದದ ಹುಡುಗಿ ಇನ್ನೊಬ್ಬಳಿರಲಿಲ್ಲ, ಅದೊಂದೇ ಕಾರಣ. ಉದ್ದ ಬೆಳೆದವರಿಗೆ ಧೈರ್ಯವೂ ಉದ್ದ ಇರುತ್ತದೆಂದು ಶಾಲೆಯವರಿಗೆ ಯಾರು ಹೇಳಿದರೋ ಕಾಣೆ.

ಚೆಂಡು ಬಂದೊಡನೆ ಅವಳು ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಿದ್ದಳು. ಚಿಕ್ಕಂದಿನಿಂದ ಅಪ್ಪನ ಹಿಂದೆ ಕಬ್ಬಿನ ಗದ್ದೆಯೊಳಗೆ ನುಗ್ಗಿ ನಡೆದವಳು. ಗರಿ ಕಣ್ಣು ಕುಯ್ಯದಿರಬೇಕಾದರೆ ಹಾಗೆ ಮಾಡಲೇಬೇಕು. ಅಲ್ಲಿ ಕಣ್ಣು ಉಳಿಸಿದ ಅಭ್ಯಾಸ ಇಲ್ಲಿ ಮೂಗು ಒಡೆಸಿತು. ಜೂನ್‌ನಲ್ಲಿ ಅಂಗಿಯೆಲ್ಲ ರಕ್ತ ಮಾಡಿಕೊಂಡು ಮನೆಗೆ ಹೋದಾಗ ಅಪ್ಪ ನಾಗರಾಜು ಹೇಳಿದ್ದ: "ಇನ್ನೊಂದ್ಸಲ ರಕ್ತ ಕಂಡ್ರೆ ಆಟ ಬುಟ್ಬುಡು. ಅಷ್ಟೇ ಕಣಮ್ಮ."

ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಹೆದರುತ್ತಲೇ ಹುಡುಗಿಗೆ ಆಟದ ರುಚಿ ಹತ್ತಿಬಿಟ್ಟಿತ್ತು, ಅದೇ ಕಷ್ಟ. ಚೆಂಡಿನ ಭಯದ ಜೊತೆಗೆ ಆಟ ತಪ್ಪುವ ಭಯವೂ ಸೇರಿ ಊಟ ಸೇರದಾಯಿತು.

ಮಂಡ್ಯದಿಂದ ದಿನಾ ಬಸ್ಸಿನಲ್ಲಿ ಬರುವ ಆಟದ ಟೀಚರ್ ಮೇಧಾ ಒಂದು ಸಂಜೆ ಕೇಳಿದರು: "ಚೆಂಡು ಬರೋವಾಗ ಮನಸ್ಸಲ್ಲಿ ಏನು ಹೇಳ್ಕೋತೀಯ?"

"ಬತ್ತದೆ, ಮೂಗ್ಗೇ ಒಡೀತದೆ ಅಂತ, ಮಿಸ್."

"ಹೆದರಬೇಡ ಅಂತ ನಾನು ಹೇಳಲ್ಲ. ಆದರೆ ಇನ್ಮೇಲೆ ಕಂಡದ್ದನ್ನ ಮಾತ್ರ ಹೇಳು. ಎಡ, ಬಲ, ಮೇಲೆ, ಕೆಳಗೆ. ಗಟ್ಟಿಯಾಗಿ."

ಎರಡು ತಿಂಗಳು ಅದೇ ಪಾಠ. ಮೊದಮೊದಲು ಕಣ್ಣು ಮುಚ್ಚಿಕೊಂಡೇ "ಎಡ" ಎಂದು ಕೂಗಿ ಎಲ್ಲರನ್ನೂ ನಗಿಸಿದಳು. ಆದರೆ ಸರಿಯಾಗಿ ಹೇಳಬೇಕಾದರೆ ನೋಡಲೇಬೇಕಲ್ಲ. ನೋಡತೊಡಗಿದ ಮೇಲೆ ಹತ್ತಕ್ಕೆ ನಾಲ್ಕು ಹಿಡಿದಳು, ಆಮೇಲೆ ಆರು. ಭಯ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಮಳವಳ್ಳಿಯಲ್ಲಿ ತಾಲ್ಲೂಕು ಪಂದ್ಯ. ಆಟ ಸಮಸಮವಾಗಿ ಮುಗಿದು ಪೆನಾಲ್ಟಿಗೆ ಬಂತು. ಎದುರಿನವರ ಕೊನೆಯ ಹೊಡೆತ ತಡೆದರೆ ಗೆಲುವು. ಗೆರೆಯಾಚೆ ಅಪ್ಪ ನಿಂತಿದ್ದ. ಗಗನ ಗೋಲಿನ ನಡುವೆ ಬಂದು ನಿಂತಳು. ಮುಖ ತಿರುಗಿಸಿಬಿಟ್ಟರೆ ರಕ್ತ ಬರುವುದಿಲ್ಲ, ಆಟವೂ ಉಳಿಯುತ್ತದೆ. ಪೆನಾಲ್ಟಿ ಬಿಟ್ಟಳೆಂದು ಯಾರೂ ಬೈಯುವುದೂ ಇಲ್ಲ.

ಚೆಂಡು ಹೊರಟಿತು.

"ಮೇಲೆ," ಎಂದಳು. "ನಡುವೆ."

ಎರಡೂ ಕೈ ಎತ್ತಿದಳು. ಚೆಂಡು ಬೆರಳುಗಳ ನಡುವೆ ನುಗ್ಗಿ ಮೂಗಿಗೇ ಬಡಿದು ಅವಳ ಕಾಲ ಬಳಿ ಬಿತ್ತು. ಅವಳು ಅದರ ಮೇಲೆ ಬಿದ್ದಳು.

ಗೆಳತಿಯರು ಕುಣಿಯುತ್ತಿದ್ದರು. ಗಗನ ಅಂಗೈಯಿಂದ ಮೂಗು ಮುಚ್ಚಿಕೊಂಡಳು, ರಕ್ತ ಬೆರಳ ಸಂದಿಯಿಂದ ಇಳಿಯಿತು. ಅಷ್ಟರಲ್ಲಿ ಅಪ್ಪ ಮೈದಾನದೊಳಕ್ಕೇ ಬಂದಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮೂಗಿಗೆ ಒತ್ತಿ ಹಿಡಿದ.

"ಅಪ್ಪ, ಆಟ ಬುಡುಸ್ಬ್ಯಾಡ," ಎಂದಳು ಟವೆಲ್ಲಿನೊಳಗಿಂದ.

ನಾಗರಾಜು ಟವೆಲ್ಲಿನ ಒಣ ಮಗ್ಗುಲು ತಿರುಗಿಸಿ ಮತ್ತೆ ಒತ್ತಿದ.

"ಚೆಂಡು ಬರೋವಾಗ ನಾನೇ ಕಣ್ಮುಚ್ಕೊಂಬುಟ್ಟೆ ಕಣವ್ವ," ಎಂದ. "ಎಂಗೆ ಇಡ್ದೆ, ಯೋಳು."