ಒಳಗಿನಿಂದಲೂ ಕೀಲಿ ಬೇಕಾದ ಬಾಗಿಲು

ಬೀಗಭೀಮ ಎಂಬ ಬಿರುದು ಕೇಳಿ ಗದೆ ಹೊತ್ತ ಗಜಕಾಯನನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ನೋಟದಲ್ಲೇ ನಿರಾಸೆ. ಆಸಾಮಿ ಕಡ್ಡಿಯಷ್ಟು ತೆಳ್ಳಗೆ. ಜೋರಾಗಿ ಸೀನಿದರೆ ತಾನೇ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ. ಪರಾಕ್ರಮವೆಲ್ಲ ಬೆರಳ ತುದಿಯಲ್ಲಿ. ತುಕ್ಕು ಹಿಡಿದು ಮುನಿಸಿಕೊಂಡ ಬೀಗವೂ ಅವನ ತಂತಿ ಒಳಹೊಕ್ಕ ಕೂಡಲೇ ತವರಿನವರನ್ನು ಕಂಡ ಸೊಸೆಯಂತೆ ಇದ್ದದ್ದೆಲ್ಲ ಬಿಚ್ಚಿಡುತ್ತದೆ. ಗಿರಾಕಿಗಳನ್ನು ಮಾತ್ರ ಅವನು ಹೆಚ್ಚು ಕೇಳುವವನಲ್ಲ. ಮನೆ ಅವರದೇ ಎಂದು ಪಕ್ಕದವರು ತಲೆಯಾಡಿಸಿದರೆ ಸಾಕು, ಒಳಗಿನ ಜಗಳ, ಕಣ್ಣೀರು, ಕಳ್ಳಸಂಸಾರ ಯಾವುದೂ ಅವನ ಕಿವಿಗೆ ಬೀಳದು.

ಇಂಥ ವೀರನ ಸ್ವಂತ ಕೋಟೆ ಹೇಗಿರಬೇಡ! ಮುಂಬಾಗಿಲಿಗೆ ಮೇಲೊಂದು, ಕೆಳಗೊಂದು, ನಡುವೊಂದು ಬೀಗ. ಒಳಗಿನ ಕೋಣೆಗಳಿಗೆ ಮಾತ್ರ ಚಿಲಕವೇ ಇಲ್ಲ. ಮಗಳಿಗೆ ಹದಿಮೂರು ತುಂಬಿದ ವಾರವೇ ಭೀಮ ಸ್ಕ್ರೂಡ್ರೈವರ್ ಹಿಡಿದು ಹೊರಟು ಎಲ್ಲ ಚಿಲಕಗಳನ್ನೂ ಸಂಹರಿಸಿದ. ಬಚ್ಚಲಿನದೊಂದಕ್ಕೆ ಜೀವದಾನ ಸಿಕ್ಕಿತು.

"ಮುಚ್ಚಿಡೋ ಅಂಥದ್ದು ನಮ್ಮನೇಲಿ ಏನಿದೆ?" ಎಂದ.

"ಚಿಲಕದ ತೂತು ಇದ್ದದ್ದೇ ಗೊತ್ತಾಗಲ್ಲ ರೀ, ಎಂಥಾ ಕೈ ನಿಮ್ದು!" ಎಂದು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಹೆಂಡತಿ ಮೆಚ್ಚಿದಳು. ಅಂದಿನಿಂದ ಮಗಳು ಬಾಗಿಲಿಗೆ ಬೆನ್ನು ಒತ್ತಿಕೊಂಡು ಬಟ್ಟೆ ಬದಲಾಯಿಸುವುದನ್ನು ಕಲಿತಳು.

ಹದಿನಾರನೆಯ ವಯಸ್ಸಿನಲ್ಲಿ ಆ ಹುಡುಗಿ ಒಂದು ಮಹಾಪರಾಧ ಮಾಡಿದಳು. ಪ್ರಶ್ನೆ ಕೇಳಿದಳು.

"ಅಮ್ಮಾ, ಒಬ್ಬರನ್ನ ಕಂಡ್ರೆ ಇಷ್ಟಾನೂ ಆಗಿ, ಹೆದರಿಕೆನೂ ಆದ್ರೆ ಏನು ಮಾಡ್ಬೇಕು?"

ಯಂತ್ರ ನಿಂತಿತು. "ಯಾರವನು?"

"ಯಾರೂ ಇಲ್ಲಮ್ಮ. ಸುಮ್ನೆ ಕೇಳ್ದೆ."

"ಯಾರೂ ಇಲ್ದೆ ಹೆದರಿಕೆ ಆಕಾಶದಿಂದ ಬಿತ್ತಾ? ರೀ, ಬನ್ನಿ ಇಲ್ಲಿ!"

ನ್ಯಾಯಾಲಯ ನೆರೆಯಿತು. ಫೋನು ಜಪ್ತಿಯಾಯಿತು, ಶಾಲೆಯ ಚೀಲ ತಲೆಕೆಳಗಾಯಿತು. "ಯಾವ ಬೀಗಕ್ಕೆ ಎಷ್ಟು ಲಿವರ್, ಯಾವ ಸುಳ್ಳಿಗೆ ಎಷ್ಟು ಲಿವರ್ ಅಂತ ನಂಗೊತ್ತು ಮಗಳೇ" ಎಂದು ತಂದೆ ಗುಡುಗಿದ. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಪ್ರಶ್ನೆ ಗೆಳತಿಯದಾಗಿತ್ತು. ಫೋನು ಹಿಂದಿರುಗಿತು, ಆದರೆ ಆ ಮನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ ಎಂದು ಆರೋಪಿ ಮನಸ್ಸಿನಲ್ಲೇ ಪಣ ತೊಟ್ಟಳು.

ಗೆಳತಿಯನ್ನು ಎಲ್ಲರೂ ಚಿಟ್ಟೆ ಎನ್ನುತ್ತಿದ್ದರು. ಇವಳಿಗಿಂತ ಒಂದು ವರ್ಷಕ್ಕೆ ದೊಡ್ಡವಳು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದಳು. ಮನೆಯಲ್ಲಿದ್ದವಳು ಚಿಕ್ಕಮ್ಮ ಒಬ್ಬಳೇ, ಅವಳಿಗೆ ಪಾಳಿ ಕೆಲಸ. ಒಂದು ಮನೆಯಲ್ಲಿ ಪ್ರಶ್ನೆಗಳ ಸುರಿಮಳೆ, ಇನ್ನೊಂದರಲ್ಲಿ ಕೇಳುವವರೇ ಇಲ್ಲ. ಇಬ್ಬರೂ ಬುದ್ಧಿ ಕಲಿತದ್ದು ಪಾರ್ಲರಿನ ವಿಶ್ವವಿದ್ಯಾಲಯದಲ್ಲಿ. ಮುಖದ ಲೇಪ ಒಣಗುವಷ್ಟರಲ್ಲಿ ಅಲ್ಲಿ ಸಕಲ ಸಂಕಟಕ್ಕೂ ಪರಿಹಾರ.

"ಬೇಡ ಅಂದ್ರೆ ಬಿಟ್ಟು ಹೋಗ್ತಾನೆ ಕಣೇ" ಎಂದು ಅಲ್ಲಿಯವಳೊಬ್ಬಳು ಚಿಟ್ಟೆಗೆ ಉಪದೇಶಿಸಿದಳು.

"ಕರೆದ್ರೆ ಎಲ್ಲ ಹುಡುಗೀರೂ ಹೋಗ್ತಾರೆ ಬಿಡು. ಇವಳೊಬ್ಬಳೇ ಇನ್ನೂ ಪಾಪು!"

ಪಾಪು ಎಂದರೆ ಭೀಮನ ಮಗಳು. ಆ ಹೆಸರು ಅವಳಿಗೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ಬಿಟ್ಟು ಹೋಗಬಹುದಾದ ಮಹಾಪುರುಷನ ಹೆಸರು ಹೀರೋ; ಮೊಬೈಲ್ ಅಂಗಡಿಯವನು, ವಯಸ್ಸು ಇಪ್ಪತ್ತೇಳು. ತನ್ನ ವಯಸ್ಸಿನ ಹೆಂಗಸರು ಅಂಗಡಿಗೆ ಬಂದರೆ ತಲೆಯೆತ್ತದವನು ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದ.

ಒಂದು ದಿನ ಭೀಮ ಕೆಲಸಕ್ಕೆ ಹೊರಗೆ ಹೋಗಿದ್ದಾಗ, ಅವನ ಬೀಗದಂಗಡಿ ನೋಡಿಕೊಳ್ಳುತ್ತಿದ್ದ ಮಗಳ ಮುಂದೆ ಚಿಟ್ಟೆ ಒಂದು ಕೀಲಿ ಇಟ್ಟಳು.

"ಇದಕ್ಕೊಂದು ನಕಲು ಮಾಡ್ಕೊಡೇ. ಹೀರೋನ ಅಣ್ಣನ ಫ್ಲ್ಯಾಟು, ಅಣ್ಣ ಊರಲ್ಲಿಲ್ಲ. ನಂಗೂ ಒಂದು ಇರ್ಲಿ ಅಂತ ಅವನೇ ಅಂದ. ನಮ್ಮ ಮನೆ ಇದ್ದ ಹಾಗೆ ಅಂತೆ!"

ಮಗಳು ಅದನ್ನು ಕೀಲಿ ಕೊರೆಯುವ ಯಂತ್ರಕ್ಕೆ ಕೊಟ್ಟಳು. ತಂದೆಯೂ ತಲೆದೂಗುವಂಥ ಕೆಲಸ. ಹಲ್ಲಿಗೆ ಹಲ್ಲು ಕೂಡಿತ್ತು.

"ನೀನೂ ಬಾ, ಅರ್ಧ ಗಂಟೆ. ಅವನ ಸ್ನೇಹಿತನೂ ಒಬ್ಬ ಬರ್ತಾನಂತೆ. ಬರ್ಲಿಲ್ಲಾಂದ್ರೆ ಪಾರ್ಲರಿಗೆಲ್ಲ ಸಾರ್ತೀನಿ, ಪಾಪು ಹೆದರ್ಕೊಂಡ್ತು ಅಂತ."

ಪಾಪು ಹೋದಳು. ನಡುಮಧ್ಯಾಹ್ನ, ಮೂರನೆಯ ಮಹಡಿ; ಸುತ್ತಲಿನ ಬಾಗಿಲುಗಳ ಮುಂದೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಹೀರೋ ನಗುತ್ತಲೇ ಬಾಗಿಲು ತೆರೆದ, ನಗುತ್ತಲೇ ಅಂಗೈ ಚಾಚಿದ.

"ಆ ಕೀಲಿ ಇಲ್ಲಿ ಕೊಡು ಚಿನ್ನ. ಎಲ್ಲಾದ್ರೂ ಕಳ್ಕೊಂಬಿಡ್ತೀಯ."

'ನಮ್ಮ ಮನೆ'ಯ ಕೀಲಿಯನ್ನು ಚಿಟ್ಟೆ ಮರುಮಾತಿಲ್ಲದೆ ಕೊಟ್ಟಳು. ಚಮ್ಮಾರನ ಕಣ್ಣು ಚಪ್ಪಲಿಯ ಮೇಲೆ ಎನ್ನುವಂತೆ, ಬೀಗದವನ ಮಗಳ ಕಣ್ಣು ತೆರೆದ ಬಾಗಿಲಿನ ಒಳಮೈಗೆ ಹೋಯಿತು. ತಿರುಗಿಸುವ ಗುಂಡಿ ಇರಬೇಕಾದಲ್ಲಿ ಇನ್ನೊಂದು ಕೀಲಿಕಂಡಿ. ಚಿಲಕವೂ ಇಲ್ಲ. ಹೊರಗೆ ಬರಲಿಕ್ಕೂ ಕೀಲಿ ಬೇಕಾದ ಬಾಗಿಲು. ಅಸಲು, ನಕಲು, ಕೀಲಿಗಳೆರಡೂ ಈಗ ಒಬ್ಬನ ಜೇಬಿನಲ್ಲಿ.

"ಇನ್ನೊಂದು ಪುಟ್ಟಿ ಯಾಕೆ ಹೊರಗೇ ನಿಂತಿದೆ?"

"ಚಪ್ಪಲಿ ಕಿತ್ತೋಯ್ತು" ಎಂದು ಅವಳು ಬಗ್ಗಿದಳು. "ಚಿಟ್ಟೆ, ಬಾರೇ, ಹೋಗೋಣ."

"ಹೋಗೇ ಪಾಪು!" ಎಂದಳು ಚಿಟ್ಟೆ ಒಳಗಿನಿಂದ.

ಬಾಗಿಲು ಮುಚ್ಚಿತು. ಒಳಗಿನಿಂದ ಕೀಲಿ ತಿರುಗಿತು, ಮತ್ತೊಮ್ಮೆ ತಿರುಗಿತು. ಆಮೇಲೆ ಯಾರೋ ಟಿವಿಯ ಸದ್ದು ಏರಿಸಿದರು.

ಮೆಟ್ಟಿಲ ಮೇಲೆ ನಿಂತ ಹುಡುಗಿಯ ಕೈಯಲ್ಲಿ ಫೋನಿತ್ತು. ಅದರಲ್ಲಿ ಬೀಗ ತೆಗೆಯಬಲ್ಲವನ ಸಂಖ್ಯೆ ಒಂದೇ ಇತ್ತು, ಅದು ನ್ಯಾಯಾಧೀಶನದೂ ಹೌದು. ಬೆರಳು ಎರಡು ಸಲ ಹಿಂಜರಿಯಿತು. ಒಳಗೆ ಏನೋ ಬಿದ್ದ ಸದ್ದಾಯಿತು.

"ಅಪ್ಪಾ, ಒಂದು ಬಾಗಿಲು ತೆಗೀಬೇಕು. ಚಿಟ್ಟೆ ಒಳಗಿದಾಳೆ. ಎರಡೂ ಕಡೆ ಕೀಲಿ ಬೇಕಾದ್ದು. ನಕಲು... ನಾನೇ ಮಾಡ್ಕೊಟ್ಟಿದ್ದು."

ಭೀಮನ ಬಾಯಲ್ಲಿ ವಿಚಾರಣೆಯ ಸೈನ್ಯವೇ ಸಾಲುಗಟ್ಟಿ ನಿಂತಿತ್ತು. ಅವನು ಅದನ್ನು ನುಂಗಿಕೊಂಡದ್ದು ಫೋನಿನಲ್ಲೇ ಕೇಳಿಸಿತು. ಬದುಕಿನಲ್ಲಿ ಮೊದಲ ಸಲ ಮಗಳೊಡನೆ ಗಿರಾಕಿಯೊಡನೆ ಆಡುವಂತೆ ಮಾತಾಡಿದ.

"ಎಲ್ಲಿ?"

ಹೇಳಿದಳು.

"ಒಳಗೆ ಎಷ್ಟು ಜನ?"

"ಒಬ್ಬ. ಇನ್ನೊಬ್ಬ ಬರ್ತಾನಂತೆ."

"ಮೆಟ್ಟಿಲ ಮೇಲೆ ನಿಲ್ಬೇಡ. ಕೆಳಗೆ ಜನ ಇರೋ ಕಡೆ ಹೋಗು. ಬಂದೆ."

ಹತ್ತಿರದಲ್ಲೇ ಕೆಲಸಕ್ಕೆ ಹೋಗಿದ್ದ ಭೀಮ ಯಾರದೋ ಬಾಗಿಲನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದ. ಕಟ್ಟಡದ ಮುಂದೆ ಹೆಲ್ಮೆಟ್ ತೆಗೆಯದ ಒಬ್ಬ ಬೈಕಿನ ಮೇಲೆ ಕುಳಿತಿದ್ದ. ಉಪಕರಣದ ಚೀಲ ನೋಡಿದ, ಹುಡುಗಿಯನ್ನು ನೋಡಿದ, ಬೈಕು ತಿರುಗಿಸಿಕೊಂಡು ಹೋದ. ತಂದೆ ಮಗಳು ಮೇಲೆ ಹತ್ತಿದರು. ಭೀಮ ಬಾಗಿಲು ತಟ್ಟಲಿಲ್ಲ, ಕೂಗಲಿಲ್ಲ. ಮಂಡಿಯೂರಿ ಕಂಡಿಗೆ ತಂತಿ ತೂರಿಸಿದ. ಲೋಹ ಕಿರುಗುಟ್ಟಿದ್ದೇ ತಡ, ಒಳಗಿನ ಟಿವಿ ನಿಂತಿತು. ಒಳಗಿನಿಂದ ಕೀಲಿ ತಿರುಗಿ ಬಾಗಿಲು ತೆರೆಯಿತು.

"ಏನಂಕಲ್, ಸುಮ್ನೆ ಮಾತಾಡ್ತಿದ್ವಿ" ಎಂದ ಹೀರೋ. ಅಂಗಿಯ ಗುಂಡಿಗಳು ನೆಟ್ಟಗಿದ್ದವು, ನಗುವೂ ನೆಟ್ಟಗಿತ್ತು. ಕೆನ್ನೆಯ ಮೇಲೆ ಮಾತ್ರ ನಾಲ್ಕು ಉಗುರಿನ ಗೀರು.

ಅವನ ಹಿಂದೆ, ಗೋಡೆಯ ಮೂಲೆಯಲ್ಲಿ ಚಿಟ್ಟೆ ದಿಂಬೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಭೀಮ "ಬಾಮ್ಮಾ" ಎಂದಷ್ಟೇ ಅಂದ. ಅವಳು ಬಂದಳು.

ಇಳಿಯುವಾಗ ತಂದೆ ಮುಂದೆ, ಹುಡುಗಿಯರು ಹಿಂದೆ.

"ಯಾರು ಕರೀ ಅಂದ್ರು ನಿಂಗೆ? ನಾನೇನು ಕಿರುಚಿದ್ನಾ?" ಎಂದಳು ಚಿಟ್ಟೆ, ಹಲ್ಲು ಕಚ್ಚಿಕೊಂಡು. "ಈಗ ಅವನು ನನ್ ಜೊತೆ ಮಾತೇ ಬಿಡ್ತಾನೆ ನೋಡು."

ಬೈಯುತ್ತಲೇ ಅವಳು ಗೆಳತಿಯ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮೇಲೆ ಮೂರನೆಯ ಮಹಡಿಯ ಕಟಕಟೆಗೆ ಒರಗಿ ಯಾರೋ ನಿಧಾನವಾಗಿ ಸಿಳ್ಳೆ ಹಾಕತೊಡಗಿದರು. ಚಿಟ್ಟೆಯ ಹೆಜ್ಜೆ ನಿಂತಿತು, ತಲೆ ಮೇಲಕ್ಕೆ ತಿರುಗಿತು.

ಭೀಮನ ಮಗಳು ಕೈ ಬಿಡಲಿಲ್ಲ. ಒಂದೊಂದೇ ಮೆಟ್ಟಿಲು ಅವಳನ್ನು ಕೆಳಗೆಳೆದಳು.